ನಿಂತು ದುಡಿದ ಕಾಲಿಗೆ ನಡಿಗೆಯ ಮದ್ದು

ವಿಲೆ ಪಾರ್ಲೆ ಪೂರ್ವದ ಉಡುಪಿ ಹೋಟೆಲೊಂದರಲ್ಲಿ ನಮ್ಮ ಭಾವ ಕಾವಲಿಯ ಮುಂದೆ ನಿಂತು ಮೂವತ್ತೊಂದು ವರ್ಷವಾಯಿತು. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದರೆ ಹನ್ನೊಂದರವರೆಗೆ ಕದಲುವಂತಿಲ್ಲ. ಮತ್ತೆ ಸಂಜೆ ನಾಲ್ಕರಿಂದ ರಾತ್ರಿ ಹತ್ತು. ಆ ಹನ್ನೊಂದು ತಾಸೂ ಅವರ ಕೈ ಸುಮ್ಮನಿರುವುದಿಲ್ಲ. ಹಿಟ್ಟು ಹೊಯ್ಯುತ್ತದೆ, ಹರಡುತ್ತದೆ, ಎಣ್ಣೆ ಚಿಮುಕಿಸುತ್ತದೆ, ಮಗುಚುತ್ತದೆ. ಕಾಲು ಮಾತ್ರ ನೆಟ್ಟ ಕಂಬ.

ಎಡಗಾಲಿನ ಮೊಣಕಾಲಿನ ಒಳಬದಿಯಿಂದ ಪಾದದವರೆಗೆ ಅಮೃತಬಳ್ಳಿ ಸುತ್ತಿಕೊಂಡ ಹಾಗೆ ರಕ್ತನಾಳಗಳು ಉಬ್ಬಿ ಹತ್ತು ವರ್ಷದ ಮೇಲಾಗಿತ್ತು. ಸಂಜೆಯಾದರೆ ಕಾಲು ಭಾರ, ರಾತ್ರಿ ಮೀನಖಂಡದಲ್ಲಿ ಸೆಳೆತ. "ಹೋಟೆಲಿನವರಿಗೆಲ್ಲ ಇದು ಇರುವುದೇ" ಎಂದು ತಳ್ಳಿಹಾಕುತ್ತಿದ್ದರು. ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ತುರಿಕೆ ಶುರುವಾದ ಮೇಲೆ ಅಕ್ಕ ಹಟ ಹಿಡಿದಳು. ಡಾಪ್ಲರ್ ಸ್ಕ್ಯಾನ್ ಆಯಿತು, ವೆರಿಕೋಸ್ ವೇನ್ಸ್ ಎಂದಾಯಿತು, ಲೇಸರ್ ಚಿಕಿತ್ಸೆಯೂ ಆಯಿತು. ಬೆಳಿಗ್ಗೆ ಹೋದವರು ಸಂಜೆಗೆ ತಮ್ಮ ಕಾಲ ಮೇಲೆ ತಾವೇ ನಡೆದು ಮನೆಗೆ ಬಂದರು.

ಗೊಂದಲ ಶುರುವಾದದ್ದು ಆಮೇಲೆ. ಡಾಕ್ಟರು ಮರಾಠಿಯಲ್ಲಿ ಎರಡೇ ಮಾತು ಹೇಳಿ ಕಳಿಸಿದ್ದರು: "ಚಾಲಾ. ಉಭೆ ರಾಹೂ ನಕಾ." ನಡೆಯಿರಿ, ನಿಲ್ಲಬೇಡಿ. ಊರಿನಿಂದ ಭಾವನ ತಾಯಿಯ ಫೋನು: ಒಂದು ತಿಂಗಳು ಮಂಚದಿಂದ ಇಳಿಯಬೇಡ ಮಗಾ. ಜಿಮ್‌ಗೆ ಹೋಗುವ ಭಾವನ ಅಣ್ಣನ ಮಗನ ಸಲಹೆ ಇನ್ನೊಂದು: ಚಿಕ್ಕಪ್ಪ, ಮೂರನೇ ದಿನದಿಂದ ಬಸ್ಕಿ ಹೊಡೆಯಿರಿ, ಕಾಲು ಗಟ್ಟಿಯಾಗುತ್ತದೆ. ಭಾವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಅಲ್ಲ ಮಾರಾಯ, ನರ ಸುಟ್ಟಿದ್ದಾರಲ್ಲ, ನಡೆದರೆ ಕಾಲು ಬಿದ್ದುಹೋಗುವುದಿಲ್ಲವಾ?"

ಮುಂಬಯಿಯ ಎಷ್ಟೋ ಕನ್ನಡ ಮನೆಗಳಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ತಪ್ಪು ನಮ್ಮ ನುಡಿಯಲ್ಲೇ ಸ್ವಲ್ಪ ಇದೆ. ನಾವು ಆಡುಮಾತಿನಲ್ಲಿ 'ನರ' ಎನ್ನುವುದು ಮೂರು ಬೇರೆ ವಸ್ತುಗಳಿಗೆ. ಮಿದುಳಿನಿಂದ ಸಂದೇಶ ತರುವುದೂ ನರ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೂ ನರ, ಚರ್ಮದ ಕೆಳಗೆ ನೀಲಿಯಾಗಿ ಕಾಣುವುದೂ ನರ. ವೆರಿಕೋಸ್ ಚಿಕಿತ್ಸೆಯಲ್ಲಿ ಮುಚ್ಚುವುದು ಈ ಕೊನೆಯದನ್ನು; ಪಾಠಪುಸ್ತಕ ಅಭಿಧಮನಿ ಎನ್ನುವ, ಅಶುದ್ಧ ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ನಾಳವನ್ನು. ಅದೂ ಚರ್ಮದ ಹತ್ತಿರದ್ದನ್ನು ಮಾತ್ರ. ಕಾಲಿನಿಂದ ಮೇಲೇರುವ ರಕ್ತದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸ್ನಾಯುಗಳ ನಡುವೆ ಆಳದಲ್ಲಿ ಹರಿಯುವ ದೊಡ್ಡ ಅಭಿಧಮನಿಗಳಲ್ಲೇ ಸಾಗುತ್ತದೆ. ಮೇಲಿನ ಕೆಟ್ಟ ನಾಳ ಮುಚ್ಚಿದರೆ ಅದರ ಪಾಲಿನ ರಕ್ತ ಬೇರೆ ಒಳ್ಳೆಯ ನಾಳ ಹಿಡಿದು ಹೋಗುತ್ತದೆ. ಕಾಲು ಒಣಗುವುದಿಲ್ಲ, ಬೀಳುವುದಿಲ್ಲ.

ನಡಿಗೆ ಏಕೆ ಬೇಕು ಎಂಬುದಕ್ಕೆ ಮೀನಖಂಡದ ಬಗ್ಗೆ ಸ್ವಲ್ಪ ತಿಳಿಯಬೇಕು. ಹೃದಯ ರಕ್ತವನ್ನು ಕೆಳಕ್ಕೆ ದೂಡುವಷ್ಟು ಬಲವಾಗಿ ಕೆಳಗಿನದನ್ನು ಮೇಲಕ್ಕೆ ಎಳೆಯಲಾರದು. ಪಾದದಿಂದ ಎದೆಯವರೆಗೆ ನಾಲ್ಕಡಿ ಎತ್ತರ ಗುರುತ್ವದ ವಿರುದ್ಧ ರಕ್ತವನ್ನು ಏರಿಸುವ ಪಂಪು ಮೀನಖಂಡದ ಸ್ನಾಯು. ಹಿಮ್ಮಡಿ ಎತ್ತಿದಾಗ ಅದು ಬಿಗಿದು ಆಳದ ನಾಳವನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ಏರಿದ ರಕ್ತ ಮರಳಿ ಇಳಿಯದಂತೆ ನಾಳದೊಳಗೆ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇಟಲಿಯ ಪಾದುವಾದ ಫ್ಯಾಬ್ರಿಸಿಯಸ್ ಈ ಕವಾಟಗಳ ಚಿತ್ರ ಬರೆದು ಪ್ರಕಟಿಸಿದ್ದು 1603ರಲ್ಲಿ. ಅವು ಇರುವುದು ಏಕೆಂದು ಅವನಿಗೆ ಸರಿಯಾಗಿ ಹೊಳೆದಿರಲಿಲ್ಲ. ಅವನ ಶಿಷ್ಯ ವಿಲಿಯಂ ಹಾರ್ವೆ ಆ ಕವಾಟಗಳಿಂದಲೇ ಸುಳಿವು ಹಿಡಿದು, ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು 1628ರಲ್ಲಿ ತೋರಿಸಿಕೊಟ್ಟ.

ಅಳತೆ ಇನ್ನೂ ಚೆನ್ನಾಗಿ ಹೇಳುತ್ತದೆ. ಅಲುಗಾಡದೆ ನಿಂತವನ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸ. ಅದೇ ಮನುಷ್ಯ ಎಂಟು ಹತ್ತು ಹೆಜ್ಜೆ ಹಾಕಿದರೆ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮತ್ತೆ ನಿಂತರೆ? ಆರೋಗ್ಯವಂತ ಕಾಲಿನಲ್ಲಿ ನಾಳ ಪುನಃ ತುಂಬಲು ಇಪ್ಪತ್ತು ಸೆಕೆಂಡಿಗೂ ಹೆಚ್ಚು ಬೇಕು. ಕವಾಟ ಸೋರುವ ಕಾಲಿನಲ್ಲಿ ಕೆಲವೇ ಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಈ ಲೆಕ್ಕ ನನಗೆ ಸಿಕ್ಕಿದಾಗ ಭಾವನ ಮೂವತ್ತೊಂದು ವರ್ಷ ಕಣ್ಣ ಮುಂದೆ ಬಂತು. ಅದೇ ಹೋಟೆಲಿನಲ್ಲಿ ತಟ್ಟೆ ಹಿಡಿದು ಅಡಿಗೆಮನೆಗೂ ಮೇಜಿಗೂ ಓಡಾಡುವ ಸಪ್ಲೈಯರ್ ಸಹ ಅಷ್ಟೇ ತಾಸು ಕಾಲ ಮೇಲಿರುತ್ತಾನೆ. ಆದರೆ ಅವನ ಮೀನಖಂಡ ದಿನವಿಡೀ ರಕ್ತ ಹಿಂಡುತ್ತಿರುತ್ತದೆ. ದೋಸೆ ಹೊಯ್ಯುವವನದು ಹಿಂಡುವುದಿಲ್ಲ. ಇಬ್ಬರಿಗೂ ದಣಿವು ಒಂದೇ. ಕಾಲಿನೊಳಗೆ ನಡೆಯುವುದು ಬೇರೆ.

ಡೆನ್ಮಾರ್ಕಿನ ದುಡಿಯುವ ಜನರನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ದಿನದ ಬಹುಪಾಲು ನಿಂತು ಕೆಲಸ ಮಾಡುವವರು ವೆರಿಕೋಸ್‌ಗಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಹೆಚ್ಚೆಂದು ಅದು ಕಂಡುಕೊಂಡಿತು. ಇದು ಹೆಂಗಸರ ಕಾಯಿಲೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಿಸಬೇಕು. 1999ರಲ್ಲಿ ಪ್ರಕಟವಾದ ಎಡಿನ್‌ಬರೋದ ಸಮೀಕ್ಷೆಯಲ್ಲಿ ದೊಡ್ಡ ನಾಳಗಳು ಉಬ್ಬಿದ್ದು ಗಂಡಸರಲ್ಲಿ ಶೇಕಡಾ 40ರಷ್ಟು, ಹೆಂಗಸರಲ್ಲಿ ಶೇಕಡಾ 32ರಷ್ಟು. ಬಸಿರು, ವಂಶ, ಮೈತೂಕ, ವಯಸ್ಸು ಎಲ್ಲವೂ ಕಾರಣಗಳೇ. ನಮ್ಮ ಅಕ್ಕನ ಬಲಗಾಲಿನಲ್ಲೂ ಉಬ್ಬಿದೆ. ಸೀರೆಯ ನೆರಿಗೆ ಅದನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು, ಭಾವನ ಸ್ಕ್ಯಾನ್ ಆದ ದಿನವೇ ಅವಳು ಅದನ್ನು ಬಾಯಿಬಿಟ್ಟದ್ದು.

ಹಿಂದಿನ ಕಾಲದ ಚಿಕಿತ್ಸೆಯ ನೆನಪೇ ಇಂದಿಗೂ ಜನರನ್ನು ಮಂಚಕ್ಕೆ ಕಟ್ಟಿಹಾಕುತ್ತಿದೆ ಎಂದು ನನಗೆ ಅನಿಸುತ್ತದೆ. ರೋಮ್‌ನ ಸೇನಾಪತಿ ಮಾರಿಯಸ್ ತನ್ನನ್ನು ಕಟ್ಟಿಹಾಕಿಸಿಕೊಳ್ಳದೆ, ಉಸಿರೆತ್ತದೆ ಒಂದು ಕಾಲಿನ ಉಬ್ಬಿದ ನಾಳಗಳನ್ನು ಕುಯ್ಯಿಸಿಕೊಂಡು, ವೈದ್ಯ ಇನ್ನೊಂದು ಕಾಲಿಗೆ ಕೈಹಾಕಿದಾಗ ಬೇಡ ಎಂದನಂತೆ, ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಇಷ್ಟು ನೋವಿಗೆ ಆ ಗುಣ ಸಮವಲ್ಲ ಎಂಬುದು ಅವನ ತೀರ್ಮಾನ. ನಮ್ಮ ಸುಶ್ರುತ ಸಂಹಿತೆ ಸಿರಾಗ್ರಂಥಿ ಎಂದು ಹೇಳುವ ಗಂಟನ್ನು ವೆರಿಕೋಸ್‌ಗೆ ಹೋಲಿಸುವುದುಂಟು. ಬಲವಿಲ್ಲದವನು ಮಿತಿಮೀರಿ ವ್ಯಾಯಾಮ ಮಾಡಿದರೆ ಅದು ಬರುತ್ತದೆ ಎಂಬುದು ಅಲ್ಲಿನ ನಿದಾನ. ಅದರಲ್ಲಿ 'ಬಲವಿಲ್ಲದವನು', 'ಮಿತಿಮೀರಿ' ಎಂಬ ಎರಡು ಪದಗಳನ್ನು ಜಿಮ್‌ನ ಹುಡುಗರು ಗಮನಿಸಬೇಕು. ನಾನು ಚಿಕ್ಕವನಿದ್ದಾಗ ತೊಡೆಸಂದಿನಲ್ಲಿ ಕುಯ್ದು, ನಾಳವನ್ನು ಮೇಲಿಂದ ಕೆಳಗಿನವರೆಗೆ ಕಿತ್ತುತೆಗೆಯುವ ಶಸ್ತ್ರಚಿಕಿತ್ಸೆಯೇ ರೂಢಿ. ಆಮೇಲೆ ವಾರಗಟ್ಟಲೆ ನೋವು. ನಮ್ಮ ಹಿರಿಯರ ಭಯಕ್ಕೆ ಕಾರಣವಿತ್ತು.

ಈಗಿನದು ಬೇರೆ. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತ ನಾಳದೊಳಗೆ ಸಣ್ಣ ತಂತಿ ತೂರಿಸುತ್ತಾರೆ. ನಾಳದ ಸುತ್ತ ಅರಿವಳಿಕೆ ಬೆರೆಸಿದ ಸಲೈನ್ ತುಂಬುತ್ತಾರೆ. ಅದು ನೋವನ್ನೂ ತಡೆಯುತ್ತದೆ, ಅಕ್ಕಪಕ್ಕದ ಅಂಗಾಂಶಕ್ಕೆ ಬಿಸಿ ತಾಗದಂತೆಯೂ ಕಾಯುತ್ತದೆ. ಆಮೇಲೆ ಲೇಸರ್ ಅಥವಾ ರೇಡಿಯೋ ತರಂಗದ ಬಿಸಿ. ರೇಡಿಯೋ ತರಂಗದ ತಂತಿಯ ತುದಿ 120 ಡಿಗ್ರಿಗೆ ಕಾದು ನಾಳದ ಒಳಗೋಡೆಯನ್ನು ಕುಗ್ಗಿಸಿ ಮುಚ್ಚುತ್ತದೆ. ಬಿಸಿ ಬಳಸದೆ ಔಷಧದ ನೊರೆ ಬಿಟ್ಟು ಮುಚ್ಚುವ ಕ್ರಮವೂ ಇದೆ, ವೈದ್ಯಕೀಯ ಅಂಟು ಹಾಕುವ ಕ್ರಮವೂ ಇದೆ. ಯಾವುದು ಮಾಡಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವ್ಯಾಯಾಮದ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ತೊಡೆಸಂದಿನಲ್ಲಿ ಕುಯ್ದ ಹಳೆಯ ಶಸ್ತ್ರಚಿಕಿತ್ಸೆಯಾದರೆ ಹೊಲಿಗೆ ಮಾಗುವವರೆಗೆ ಎಲ್ಲವೂ ನಿಧಾನ. ಅಂಟಿನದಾದರೆ ಕಟ್ಟು ಕಡಿಮೆ. ನಾನು ಇಲ್ಲಿ ಹೇಳುವುದು ಹೆಚ್ಚಾಗಿ ಬಿಸಿಯಿಂದ ಮುಚ್ಚುವ ಚಿಕಿತ್ಸೆ ಆದವರಿಗೆ.

ಚಿಕಿತ್ಸೆಯಾದ ಕೂಡಲೇ, ಆಸ್ಪತ್ರೆಯ ಪಡಸಾಲೆಯಲ್ಲೇ, ಇಪ್ಪತ್ತು ಮೂವತ್ತು ನಿಮಿಷ ನಡೆಸುತ್ತಾರೆ. ಇದು ಚಿಕಿತ್ಸೆಯ ಭಾಗ. ಮಲಗಿದ ಕಾಲಿನ ಆಳದ ನಾಳದಲ್ಲಿ ರಕ್ತ ನಿಧಾನವಾಗುತ್ತದೆ, ನಿಧಾನವಾದ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅಪರೂಪ, ಆದರೆ ತಡೆಯುವ ಉಪಾಯ ಬಿಟ್ಟಿಯಾಗಿ ನಮ್ಮ ಕಾಲಿನಲ್ಲೇ ಇದೆ. ಊರಿನಲ್ಲಿರುವ ಭಾವನ ತಾಯಿಗೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಮಗನ ಮೇಲಿನ ಮಮತೆಗೆ ಅವನನ್ನು ಮಲಗಿಸಬೇಡಿ ಅಮ್ಮ, ನಡೆಸಿ. ಬಾಣಂತಿಯನ್ನು ಮಲಗಿಸಿದ ಹಾಗೆ ಈ ರೋಗಿಯನ್ನು ಮಲಗಿಸಿದರೆ ಕೇಡಾಗುತ್ತದೆ.

ಮೊದಲ ವಾರ ಭಾವ ನಡೆದದ್ದು ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ. ವೇಗ ಬೇಕಿಲ್ಲ, ಪಕ್ಕದವರ ಜೊತೆ ಮಾತಾಡುತ್ತ ಹೋಗುವಷ್ಟು ಸಾಕು. ಬೇಕಾದದ್ದು ಹೆಜ್ಜೆಯ ಪೂರ್ಣತೆ. ಹಿಮ್ಮಡಿ ಮೊದಲು ಊರಬೇಕು, ಪಾದ ಉರುಳಬೇಕು, ಹೆಬ್ಬೆರಳಿನಿಂದ ನೆಲವನ್ನು ಒತ್ತಿ ಬಿಡಬೇಕು. ನೋವಿಗೆ ಹೆದರಿ ಕಾಲೆಳೆದುಕೊಂಡು ನಡೆದರೆ ಮೀನಖಂಡ ಬಿಗಿಯುವುದೇ ಇಲ್ಲ, ನಡೆದೂ ನಡೆಯದ ಹಾಗೆ. ಚಪ್ಪಲಿಗಿಂತ ಹಿಮ್ಮಡಿ ಹಿಡಿದುಕೊಳ್ಳುವ ಬೂಟು ಒಳ್ಳೆಯದು, ಚಪ್ಪಲಿ ಜಾರದಂತೆ ಬೆರಳು ಮಡಚುತ್ತ ನಡೆಯುವವನ ಪಾದ ಪೂರ್ತಿ ಉರುಳುವುದಿಲ್ಲ. ಕೂತಾಗ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮಲಗುವಾಗ ಕಾಲ ಕೆಳಗೆ ಎರಡು ದಿಂಬು. ಮೆಟ್ಟಿಲು ಹತ್ತಬಹುದು. ಮೂರನೇ ಮಹಡಿಯ ಚಾಳಿನಲ್ಲಿರುವವರು ಇದಕ್ಕೆ ಹೆದರಿ ಮನೆಯೊಳಗೇ ಉಳಿಯುತ್ತಾರೆ, ಉಳಿಯಬೇಕಿಲ್ಲ. ನಿಧಾನವಾಗಿ, ಕೈಪಟ್ಟಿ ಹಿಡಿದು ಹತ್ತಿದರೆ ಪ್ರತಿ ಮೆಟ್ಟಿಲೂ ಮೀನಖಂಡಕ್ಕೆ ಕೆಲಸವೇ.

ಒಂದು ವಾರ ಕಳೆದ ಮೇಲೆ, ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, ತೊಡೆಯ ಒಳಬದಿಯಲ್ಲಿ ಹಗ್ಗ ಬಿಗಿದ ಹಾಗೆ ಎಳೆತ ಶುರುವಾಗುತ್ತದೆ. ಭಾವ ಗಾಬರಿಯಾಗಿ ನಡೆಯುವುದನ್ನೇ ನಿಲ್ಲಿಸಿದ್ದರು. ಮುಚ್ಚಿದ ನಾಳ ಗಟ್ಟಿಯಾಗಿ ಕುಗ್ಗುವಾಗ ಹೀಗಾಗುತ್ತದೆ, ದಿನ ಕಳೆದಂತೆ ಅದಾಗಿ ಸಡಿಲುತ್ತದೆ. ನೇರಳೆ ಹಣ್ಣಿನ ಬಣ್ಣದ ಕಂದು, ಅಲ್ಲಲ್ಲಿ ಚರ್ಮ ಜೋಮು ಹಿಡಿದಂತಿರುವುದು ಇವೂ ಸಾಮಾನ್ಯ. ನಡೆದರೆ ಈ ಎಳೆತ ಕಡಿಮೆಯಾಗುತ್ತದೆ, ಕೂತರೆ ಬಿಗಿಯುತ್ತದೆ. ಹಾಗೆಂದು ಊರಿನಿಂದ ಬಂದ ತೈಲ ಹಚ್ಚಿ ಗಸಗಸ ತಿಕ್ಕಬಾರದು. ಮುಚ್ಚಿದ ನಾಳದ ಮೇಲೆ ಬಲವಾದ ಮಾಲೀಶು ಈ ಸಮಯದಲ್ಲಿ ಬೇಡವೇ ಬೇಡ.

ಎಲ್ಲಿ ನಡೆಯುವುದು ಎಂಬುದು ಪಾರ್ಲೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಸ್ಟೇಷನ್ನಿನ ಎದುರು ಸಂಜೆ ಕಾಲಿಡಲು ಜಾಗವಿಲ್ಲ. ಎರಡು ಹೆಜ್ಜೆ, ನಿಲ್ಲು, ಮತ್ತೆರಡು ಹೆಜ್ಜೆ. ಅದು ನಿಂತದ್ದಕ್ಕೇ ಸಮ. ಪಾರ್ಲೆ ಬಿಸ್ಕೆಟ್ ಕಾರ್ಖಾನೆ ಇದ್ದ ದಿನಗಳಲ್ಲಿ ಬೆಳಗಿನ ನಡಿಗೆಗೆ ಸಿಹಿ ವಾಸನೆ ಜೊತೆಯಿರುತ್ತಿತ್ತು. 1929ರಲ್ಲಿ ಶುರುವಾದ ಆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಈಗ ನಾವಿಬ್ಬರೂ ಬೆಳಿಗ್ಗೆ ಐದೂವರೆಗೆ, ಗಾಡಿಗಳು ಏಳುವ ಮೊದಲು, ಒಳಗಿನ ಗಲ್ಲಿಗಳನ್ನು ಹಿಡಿದು ಪಾರ್ಲೇಶ್ವರ ದೇವಸ್ಥಾನದವರೆಗೆ ಹೋಗಿಬರುತ್ತೇವೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಎಷ್ಟು ಬೇಕಾದರೂ ಹಾಕಿ, ಹಬ್ಬದ ದಿನದ ಸಾಲಿನಲ್ಲಿ ಮಾತ್ರ ಒಂದು ತಾಸು ನಿಲ್ಲಬೇಡಿ. ಪಶ್ಚಿಮದವರಿಗೆ ಜುಹೂ ಕಡಲ ತೀರವಿದೆ. ಒಣ ಮರಳಿನಲ್ಲಿ ಪಾದ ಹೂತು ಮೀನಖಂಡಕ್ಕೆ ವಿಪರೀತ ಎಳೆತ ಬೀಳುತ್ತದೆ. ಮೊದಲ ಎರಡು ವಾರ ಅದು ಬೇಡ, ಆಮೇಲೂ ನೀರು ಇಳಿದಾಗ ಗಟ್ಟಿಯಾಗಿರುವ ಒದ್ದೆ ಮರಳಿನಲ್ಲಿ ನಡೆಯಿರಿ.

ಮಳೆಗಾಲದಲ್ಲಿ ಚಿಕಿತ್ಸೆ ಮಾಡಿಸಿಕೊಂಡವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಸಾಂತಾಕ್ರೂಜ್ ಮತ್ತು ಪಾರ್ಲೆಯ ನಡುವಿನ ಮಿಲನ್ ಸಬ್‌ವೇ ಮೊಣಕಾಲು ಮುಳುಗುವಷ್ಟು ತುಂಬುವುದು ನಮಗೆಲ್ಲ ಗೊತ್ತು. ಸೂಜಿ ಚುಚ್ಚಿದ ಗಾಯ ಸಾಸಿವೆಯಷ್ಟೇ ಇರಬಹುದು, ಆದರೂ ಗಾಯವೇ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಈ ನಗರವನ್ನು ಪ್ರತಿ ಮಳೆಗಾಲದಲ್ಲಿ ಕಾಡುತ್ತದೆ. ನೀರಿನಲ್ಲಿ ನಡೆದವರು 72 ತಾಸಿನೊಳಗೆ ವೈದ್ಯರನ್ನು ಕಂಡು ತಡೆಮದ್ದು ತೆಗೆದುಕೊಳ್ಳಬೇಕೆಂದು ಮುಂಬಯಿ ಮಹಾನಗರಪಾಲಿಕೆಯೇ ಸಾರಿ ಹೇಳುತ್ತದೆ. ನೀರು ತುಂಬಿದ ದಿನ ನಡಿಗೆ ಮನೆಯ ಜಗಲಿಯಲ್ಲಿ ಆಗಲಿ. ಚಾಳಿನ ಉದ್ದ ಜಗಲಿಯಂಥ ಒಳ್ಳೆಯ ನಡಿಗೆಯ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ.

ಬಿಗಿ ಕಾಲುಚೀಲದ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಒಹಾಯೋ ರಾಜ್ಯದ ಟೊಲೀಡೋದಲ್ಲಿ ಕಾನ್‌ರಾಡ್ ಜಾಬ್‌ಸ್ಟ್ ಎಂಬ ಎಂಜಿನಿಯರ್ ಇದ್ದರು. ಅವರಿಗೇ ಈ ಕಾಯಿಲೆ. ಈಜುಕೊಳದಲ್ಲಿ ನಿಂತಾಗ ಕಾಲು ಹಗುರವಾಗುತ್ತದೆ ಎಂಬುದನ್ನು ಅವರು ಗಮನಿಸಿದರು. ನೀರಿನ ಒತ್ತಡ ಪಾದದಲ್ಲಿ ಹೆಚ್ಚು, ಮೇಲೆ ಬಂದಂತೆ ಕಡಿಮೆ. ನಾಳದೊಳಗಿನ ರಕ್ತದ ಒತ್ತಡವೂ ಅದೇ ಕ್ರಮದಲ್ಲಿದೆ, ಒಂದಕ್ಕೊಂದು ಸರಿತೂಗುತ್ತದೆ. ಅದೇ ಲೆಕ್ಕದಲ್ಲಿ, ಪಾದದ ಗಂಟಿನ ಬಳಿ ಹೆಚ್ಚು ಬಿಗಿದು ಮೇಲೆ ಸಡಿಲವಾಗುತ್ತ ಹೋಗುವ ಕಾಲುಚೀಲವನ್ನು ಅವರು 1950ರ ಸುಮಾರಿಗೆ ರೂಪಿಸಿದರು. ಇಂದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಟಾಕಿಂಗ್ಸ್ ಆ ಕೊಳದ ನೀರಿನ ನಕಲು.

ಎಷ್ಟು ದಿನ ಹಾಕಬೇಕು? ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಚಿಕಿತ್ಸೆಯ ನಂತರ ಏಳು ದಿನಕ್ಕಿಂತ ಹೆಚ್ಚು ಬೇಕಿಲ್ಲ ಎನ್ನುತ್ತದೆ. ಇಲ್ಲಿಯ ಹಲವು ವೈದ್ಯರು ಎರಡು ವಾರ ಎನ್ನುತ್ತಾರೆ. ನಿಮ್ಮ ಕಾಲನ್ನು ನೋಡಿದ ವೈದ್ಯರ ಮಾತೇ ನಿಮಗೆ ಲೆಕ್ಕ. ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಊದುವ ಮೊದಲೇ ಹಾಕಿಕೊಳ್ಳಿ. ಮೇಲಂಚು ಸುರುಳಿ ಸುತ್ತಿಕೊಂಡರೆ ಅದು ದಾರ ಬಿಗಿದ ಹಾಗಾಗುತ್ತದೆ, ಬಿಡಿಸಿ ಸರಿಮಾಡಿ. ಅಕ್ಟೋಬರದ ಸೆಖೆಯಲ್ಲಿ ಒಲೆಯ ಮುಂದೆ ಇದನ್ನು ಹಾಕಿ ನಿಲ್ಲುವ ಕಷ್ಟ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರಿಗೆ ತಿಳಿಯದು. ಅದಕ್ಕಾಗಿಯೇ ಆ ವಾರ ರಜೆ ಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿಗೆ ಶುದ್ಧ ರಕ್ತ ಒಯ್ಯುವ ಅಪಧಮನಿ ಕಿರಿದಾದವರು ಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ಹಾಕಿಕೊಳ್ಳಲೇಬಾರದು. ಅವರಿಗೆ ಆ ಬಿಗಿತವೇ ಗಾಯ ಮಾಡೀತು.

ಈಜುಕೊಳದ ಉಪಕಾರ ಅಷ್ಟಿದ್ದ ಮೇಲೆ ನೇರ ನೀರಿಗೇ ಇಳಿಯಬಾರದೇ? ಪಾರ್ಲೆ ಪೂರ್ವದ ಪ್ರಬೋಧನ್‌ಕಾರ್ ಠಾಕ್ರೆ ಕ್ರೀಡಾ ಸಂಕುಲದಲ್ಲಿ ಈಜುಕೊಳವಿದೆ. ಇಳಿಯಬಹುದು, ಆದರೆ ಚುಚ್ಚಿದ ಗಾಯ ಪೂರ್ತಿ ಮುಚ್ಚಿ ಒಣಗಿದ ಮೇಲೆ. ಸಾಮಾನ್ಯವಾಗಿ ಎರಡು ವಾರ. ಈಜು ಬಾರದವರು ಎದೆಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆದರೂ ಸಾಕು. ಬಿಸಿನೀರಿನ ತೊಟ್ಟಿ, ಹಬೆಯ ಕೋಣೆ ಸದ್ಯಕ್ಕೆ ಬೇಡ. ಬಿಸಿಗೆ ನಾಳಗಳು ಅರಳುತ್ತವೆ. ಸೈಕಲ್ಲು, ಅದರಲ್ಲೂ ನಿಂತಲ್ಲೇ ತುಳಿಯುವ ಸೈಕಲ್ಲು, ಒಂದು ವಾರದ ನಂತರ ಹಗುರ ಒತ್ತಿಗೆಯಲ್ಲಿ ಶುರುಮಾಡಬಹುದು. ಓಟ, ಹಾರಾಟ, ಶಟಲ್ ಕಾಕ್, ಕಬಡ್ಡಿಗೆ ಎರಡು ವಾರ ದಾಟಲಿ, ನೋವು ಕಂದು ಇಳಿಯಲಿ.

ಜಿಮ್‌ನ ಹುಡುಗನ ಬಸ್ಕಿಯ ವಿಷಯಕ್ಕೆ ಬರೋಣ. ಅವನ ಉತ್ಸಾಹದಲ್ಲಿ ತಪ್ಪಿಲ್ಲ, ಕಾಲದಲ್ಲಿ ತಪ್ಪಿದೆ. ಭಾರ ಎತ್ತುವಾಗ ನಾವು ಉಸಿರು ಕಟ್ಟಿ ಹೊಟ್ಟೆ ಬಿಗಿಯುತ್ತೇವೆ. ಆಗ ಹೊಟ್ಟೆಯೊಳಗಿನ ಒತ್ತಡ ಏರಿ, ಕಾಲಿನಿಂದ ಮೇಲೆ ಬರುವ ರಕ್ತಕ್ಕೆ ಬಾಗಿಲು ಹಾಕಿದಂತಾಗುತ್ತದೆ. ಆ ಒತ್ತಡ ಕೆಳಗಿನ ನಾಳಗಳ ಮೇಲೆ ಬೀಳುತ್ತದೆ. ಆಗಷ್ಟೇ ಮುಚ್ಚಿದ ನಾಳಕ್ಕೂ ಹೊಸದಾಗಿ ಹೊಣೆ ಹೊತ್ತ ನಾಳಗಳಿಗೂ ಇದು ಹಿಡಿಸದು. ಆದ್ದರಿಂದ ಮೊದಲ ಎರಡು ವಾರ ಭಾರ ಬೇಡ. ಇದರಲ್ಲಿ ಜಿಮ್‌ನ ಕಬ್ಬಿಣ ಮಾತ್ರವಲ್ಲ, ಹೋಟೆಲಿನ ದೋಸೆಹಿಟ್ಟಿನ ಪಾತ್ರೆ, ಗ್ಯಾಸ್ ಸಿಲಿಂಡರ್, ಮನೆಯ ತುಂಬಿದ ಬಿಂದಿಗೆ ಎಲ್ಲವೂ ಸೇರಿವೆ. ಮಲಬದ್ಧತೆಯಿಂದ ತಿಣುಕುವುದೂ ಇದೇ ಸಾಲಿಗೆ ಸೇರುತ್ತದೆ. ನೀರು, ಸೊಪ್ಪು, ಹಣ್ಣು ಈ ದಿನಗಳಲ್ಲಿ ಕಾಲಿಗೂ ಮದ್ದು. ಆಮೇಲೆ ಶುರುಮಾಡುವಾಗ ಮೊದಲಿನ ಅರ್ಧ ಭಾರ, ಎತ್ತುವಾಗ ಉಸಿರು ಬಿಡುವ ಅಭ್ಯಾಸ.

ಯೋಗಕ್ಕೂ ಇದೇ ಮಾತು. ಶ್ರೀ ಯೋಗೇಂದ್ರರು 1918ರಲ್ಲಿ ಆರಂಭಿಸಿದ ಯೋಗ ಸಂಸ್ಥೆ ಈಗ ಪಕ್ಕದ ಸಾಂತಾಕ್ರೂಜ್‌ನಲ್ಲಿದೆ, ಹಾಗಾಗಿ ನಮ್ಮ ಈ ಕಡೆಯಲ್ಲಿ ಯೋಗ ಮಾಡದ ಮನೆ ಕಡಿಮೆ. ವಜ್ರಾಸನದಲ್ಲಿ, ಪದ್ಮಾಸನದಲ್ಲಿ ದೀರ್ಘಕಾಲ ಕೂರುವುದು ಮೊಣಕಾಲಿನ ಹಿಂದೆ ನಾಳವನ್ನು ಮಡಚಿ ಒತ್ತುತ್ತದೆ. ಮೊದಲ ವಾರಗಳಲ್ಲಿ ಬೇಡ. ಕಪಾಲಭಾತಿಯಂಥ, ಹೊಟ್ಟೆಗೆ ಹೊಡೆತ ಕೊಡುವ ಕ್ರಿಯೆಗಳೂ ಕಾಯಲಿ. ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತಕರಣಿಯನ್ನು, ಸೊಂಟದ ಕೆಳಗೆ ದಿಂಬು ಇಟ್ಟು, ಹತ್ತು ನಿಮಿಷ ಮಾಡಬಹುದು. ದಿಂಬು, ಕುರ್ಚಿ, ಹಗ್ಗ ಬಳಸಿ ಅಶಕ್ತರಿಗೂ ಆಸನ ಸಾಧ್ಯ ಎಂದು ಲೋಕಕ್ಕೆ ತೋರಿಸಿಕೊಟ್ಟವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು. ಚಿಕಿತ್ಸೆಯಿಂದ ಚೇತರಿಸಿಕೊಳ್ಳುವವರಿಗೆ ಅವರ ಆ ಕಾಣಿಕೆ ಎಷ್ಟು ದೊಡ್ಡದೆಂದು ಭಾವನ ಕಾಲು ಗೋಡೆಗೆ ಚಾಚಿದ ದಿನ ಅರ್ಥವಾಯಿತು.

ಮುಂಬಯಿ ಕನ್ನಡಿಗರಿಗಷ್ಟೇ ಇರುವ ಇನ್ನೊಂದು ಅಪಾಯ ಊರಿನ ದಾರಿ. ರಜೆ ಸಿಕ್ಕಿತೆಂದು ಚಿಕಿತ್ಸೆಯಾದ ನಾಲ್ಕನೇ ದಿನ ಊರಿಗೆ ಹೊರಡುವವರನ್ನು ಕಂಡಿದ್ದೇನೆ. ಸ್ಲೀಪರ್ ಬಸ್ಸಿನ ಪೆಟ್ಟಿಗೆಯಂಥ ಜಾಗದಲ್ಲಿ ಹದಿನೈದು ತಾಸಿಗೂ ಹೆಚ್ಚು ಅಲುಗಾಡದೆ ಮಲಗುವುದು ಹೆಪ್ಪುಗಟ್ಟಲು ಹೇಳಿಮಾಡಿಸಿದ ಸ್ಥಿತಿ. ಎಲ್ಲರೂ ವಿಮಾನಕ್ಕೆ ಹೆದರುತ್ತಾರೆ. ನಾಲ್ಕು ತಾಸು ಮೀರಿದ ವಿಮಾನಯಾನವನ್ನು ಮೊದಲ ನಾಲ್ಕು ವಾರ ತಪ್ಪಿಸಬೇಕೆಂದು ವೈದ್ಯರು ಹೇಳುವುದು ನಿಜ. ಗಲ್ಫಿಗೆ, ಅಮೆರಿಕಕ್ಕೆ ಹೋಗುವವರು ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಲಿ. ಆದರೆ ನನಗೆ ಕೇಳಿದರೆ, ಮಂಗಳೂರಿಗೆ ಒಂದೂವರೆ ತಾಸಿನ ವಿಮಾನಕ್ಕಿಂತ ರಾತ್ರಿಯ ಬಸ್ಸೇ ಹೆಚ್ಚು ಕೆಟ್ಟದ್ದು. ಹೋಗಲೇಬೇಕಾದರೆ ಮತ್ಸ್ಯಗಂಧಾದಂಥ ರೈಲು ಹಿಡಿದು, ತಾಸಿಗೊಮ್ಮೆ ಎದ್ದು ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಲೋಕಲ್ ರೈಲಿನಲ್ಲಿ ಚರ್ಚ್‌ಗೇಟ್‌ವರೆಗೆ ನಿಂತು ಹೋಗುವವರು ಕಂಬಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿರಲಿ. ಗರ್ದಿಯಲ್ಲಿ ಯಾರಿಗೂ ಕಾಣುವುದಿಲ್ಲ.

ಈ ಕೆಲವು ಲಕ್ಷಣಗಳು ಕಂಡರೆ ಮಾತ್ರ ಯಾರೂ ಮನೆಯಲ್ಲಿ ಕಾಯುತ್ತ ಕೂರಬಾರದು. ಒಂದೇ ಕಾಲು ಹೊಸದಾಗಿ ಊದಿ, ಮೀನಖಂಡ ಗಟ್ಟಿಯಾಗಿ ಬಿಸಿಯಾಗಿ ನೋಯುವುದು, ಜ್ವರ, ಗಾಯದಿಂದ ಕೀವು, ನಿಲ್ಲದ ರಕ್ತಸ್ರಾವ. ರಕ್ತ ಬಂದರೆ ತಕ್ಷಣ ಮಲಗಿಸಿ ಕಾಲನ್ನು ಎದೆಗಿಂತ ಮೇಲೆತ್ತಿ, ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿಯಿರಿ. ಎದೆನೋವು, ಇದ್ದಕ್ಕಿದ್ದ ಹಾಗೆ ಏದುಸಿರು, ಕೆಮ್ಮಿನಲ್ಲಿ ರಕ್ತ ಕಂಡರೆ 108ಕ್ಕೆ ಫೋನು ಮಾಡಿ. ಆಗ ನಡೆಸಬೇಡಿ. ಹಿಂದೆ ಹೆಪ್ಪು ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಕಾಲಿನಲ್ಲಿ ಹುಣ್ಣು ಇರುವವರು ಈ ಲೇಖನದ ದಿನಗಳ ಲೆಕ್ಕವನ್ನು ತಮ್ಮದೆಂದು ತಿಳಿಯದೆ ತಮ್ಮ ವೈದ್ಯರನ್ನೇ ಕೇಳಬೇಕು. ವಾರದೊಳಗೆ ಮತ್ತೊಮ್ಮೆ ಸ್ಕ್ಯಾನ್‌ಗೆ ಬರಹೇಳಿದ್ದರೆ ನೋವಿಲ್ಲವೆಂದು ತಪ್ಪಿಸಬೇಡಿ. ಆ ಸ್ಕ್ಯಾನ್ ನೋಡುವುದೇ ಹೆಪ್ಪು ಆಳದ ನಾಳಕ್ಕೆ ಚಾಚಿದೆಯೇ ಎಂದು.

ಇಷ್ಟೆಲ್ಲ ಪಾಲಿಸಿ ಚೇತರಿಸಿಕೊಂಡವನು ವಾಪಸು ಹೋಗುವುದು ಅದೇ ಕಾವಲಿಯ ಮುಂದಕ್ಕೆ. ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು ಅದೇ ಸಂಕಟ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದಲೂ, ಅದಕ್ಕೂ ಮೊದಲಿನಿಂದಲೂ, ಕರಾವಳಿಯ ಹುಡುಗರು ಈ ನಗರಕ್ಕೆ ಬಂದು ನಿಂತೇ ಬದುಕು ಕಟ್ಟಿದರು. ಹಗಲು ಹೋಟೆಲಿನಲ್ಲಿ ನಿಂತವರಿಗೆ ಕೂರಲು ಸಿಗುತ್ತಿದ್ದ ಜಾಗ ರಾತ್ರಿ ಶಾಲೆಯ ಬೆಂಚು. ಅವರ ಸಾಹಸವನ್ನು ಸಂಘಗಳ ವೇದಿಕೆಯಲ್ಲಿ ನಾವು ಎಷ್ಟೋ ಸಲ ಹೊಗಳಿದ್ದೇವೆ, ಅವರ ಕಾಲನ್ನು ಯಾರೂ ನೋಡಲಿಲ್ಲ. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಕೂರಲು ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು. ಅಂಗಡಿ, ಹೋಟೆಲು ಅದರ ಹೊರಗೆ ಉಳಿದವು. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆಯಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ಪಿ. ವಿಜಿ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನು ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಅಷ್ಟು ಹೋರಾಟ ಏಕೆ ಎಂದು ಕೇಳುವವರು ಒಮ್ಮೆ ಹನ್ನೊಂದು ತಾಸು ಒಲೆಯ ಮುಂದೆ ನಿಂತು ನೋಡಬೇಕು.

ಭಾವ ಮೂರನೇ ವಾರ ಅರ್ಧ ಪಾಳಿಗೆ ಹೋದರು. ದಿನಕ್ಕೆ ಎರಡು ತಾಸು, ಆಮೇಲೆ ಮೂರು. ಮಾಲೀಕರಿಗೆ ಮೊದಲು ಸಂಕೋಚ: ದೋಸೆ ಹೊಯ್ಯುವವನು ಕೂತಿದ್ದರೆ ಗಿರಾಕಿಗಳು ಏನೆಂದುಕೊಂಡಾರು? ಭಾವ ಕೇಳಿದ್ದು ಕುರ್ಚಿಯಲ್ಲ, ಎತ್ತರದ ಒಂದು ಸ್ಟೂಲು, ಕಾಲಡಿಗೆ ಆರು ಇಂಚಿನ ಒಂದು ಮರದ ಮ‌ಣೆ. ಮಣೆಯ ಮೇಲೆ ಒಂದು ಕಾಲು, ಸ್ವಲ್ಪ ಹೊತ್ತಿಗೆ ಇನ್ನೊಂದು. ಸ್ಟೂಲು, ಹಿಟ್ಟು ಮುಗಿದು ಹೊಸದು ಬರುವ ನಡುವಿನ ಐದು ನಿಮಿಷಕ್ಕೆ. ಕೊನೆಗೆ ಎರಡೂ ಬಂದವು.

ಮೊನ್ನೆ ಬೆಳಿಗ್ಗೆ ಹೋದಾಗ ನೋಡಿದೆ. ಕಾವಲಿಯ ಮೇಲೆ ನಾಲ್ಕು ದೋಸೆ ಬೇಯುತ್ತಿದ್ದವು. ಅಂಚು ಕೆಂಪಾಗುವವರೆಗೆ ಕೈಗೆ ಕೆಲಸವಿಲ್ಲದ ಆ ಅರ್ಧ ನಿಮಿಷ ಭಾವ ಕಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಹಿಮ್ಮಡಿ ಎತ್ತುತ್ತಿದ್ದರು, ಇಳಿಸುತ್ತಿದ್ದರು. ತುಟಿ ಮೆಲ್ಲಗೆ ಎಣಿಸುತ್ತಿತ್ತು. ಪಕ್ಕದ ಒಲೆಯಲ್ಲಿ ವಡೆ ಬಿಡುತ್ತಿದ್ದ ಬೈಂದೂರಿನ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ನಗುತ್ತ ನಿಂತಿದ್ದ. "ನಗಬೇಡ," ಎಂದರು ಭಾವ, ದೋಸೆ ಮಗುಚುತ್ತ. "ನೀನೂ ಎತ್ತು. ಒಂದು ದೋಸೆಗೆ ಹತ್ತು."